ಜೊಂಜು ಊರಿನ ನೀಲಿ ಮುಚ್ಚಳದ ಡಬ್ಬಿ

ಗೇಟಿನ ಹೊರಗೆ ಟ್ಯಾಕ್ಸಿ ನಿಂತಿದೆ. ಡಿಕ್ಕಿಯಲ್ಲಿ ನಮ್ಮ ಮೂರೂ ಸೂಟ್‌ಕೇಸ್ ಸೇರಿವೆ. ಬಸ್ಸು ಹೊರಡಲು ಇನ್ನು ಇಪ್ಪತ್ತೈದು ನಿಮಿಷ.

ಊರು ದಕ್ಷಿಣ ಕೊರಿಯಾದ ಜೊಂಜು. ಅಲ್ಲಿಯ ಬಸ್ಸುಗಳು ನಮ್ಮ ಕಡೆಯ ಬಸ್ಸುಗಳಂತಲ್ಲ. "ಇನ್ನೊಬ್ರು ಬರೋರಿದಾರೆ, ಸ್ವಲ್ಪ ತಡೀರಿ" ಎಂದು ಕಂಡಕ್ಟರನ್ನು ಗೋಗರೆಯೋಣವೆಂದರೆ ಕಂಡಕ್ಟರೇ ಇಲ್ಲ! ಎಂಟು ಗಂಟೆ ಎಂದರೆ ಎಂಟಕ್ಕೆ ಬಾಗಿಲು ಮುಚ್ಚುತ್ತದೆ.

ಇಂಥ ಹೊತ್ತಿನಲ್ಲಿ ನನ್ನ ಅತ್ತಿಗೆ ಎಲ್ಲಿದ್ದರು ಗೊತ್ತೆ? ನಾವು ಉಳಿದುಕೊಂಡಿದ್ದ ಮನೆಯ ಅಂಗಳದ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ನೀಲಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು.

"ಅತ್ತಿಗೆ, ಬಿಡಿ ಅದನ್ನ! ಬಸ್ಸು ಹೋಗ್ತದೆ!"

"ಹೋದ್ರೆ ಇನ್ನೊಂದು ಬತ್ತದೆ. ಖಾಲಿ ಡಬ್ಬಿ ಹೆಂಗೆ ಕೊಡಾದು ಮಾರಾಯ್ತಿ? ನಿನ್ನ ಚೀಲದಾಗೆ ಎಂತಾರು ಇದ್ಯಾ ನೋಡು."

ಕೊರಿಯಾಕ್ಕೆ ಹೋಗಿ ಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಏನು ನೋಡಿದಿರಿ? ಅಲ್ಲಿ ಏನು ತಿಂದಿರಿ? ಮೊನ್ನೆ ಹೊಸನಗರದ ಒಂದು ಗೃಹಪ್ರವೇಶದಲ್ಲಂತೂ ಕೈ ತೊಳೆಯುವ ಕ್ಯೂನಲ್ಲೇ ಮೂರು ಜನ ಹಿಡಿದು ನಿಲ್ಲಿಸಿದರು. ಎಲ್ಲರಿಗೂ ಬೇರೆ ಬೇರೆ ಹೇಳಿ ಸುಸ್ತಾಯಿತು. ಅದಕ್ಕೇ ಈ ವಾರ ಬರೆದೇ ಬಿಡುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಕೊರಿಯಾಕ್ಕೆ ಹೋದರೆ ನೀವು ಅರ್ಧ ಊರೂ ನೋಡುವುದಿಲ್ಲ.

ಹೋದವರು ಮೂವರು. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ ಲಲಿತಮ್ಮ, ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿಯವರು. ವಯಸ್ಸು ಅರವತ್ತಮೂರು. ಅವರ ಮಗಳು ರಶ್ಮಿ ಸಾಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮೂರನೆಯವಳು ನಾನು, ಹೊಸನಗರದ ರಿಟೈರ್ಡ್ ಭೂಗೋಳ ಟೀಚರ್. (ಅಂದು ನನ್ನ ಕ್ಲಾಸಿನಲ್ಲಿ ತೂಕಡಿಸಿದವರು ಇಂದು ನನ್ನ ಅಂಕಣ ಓದುತ್ತಾ ತೂಕಡಿಸುತ್ತಾರೆ ಎಂಬುದು ನನಗೆ ಗೊತ್ತಿದೆ.)

ಈ ಪ್ರವಾಸದ ಮೂಲ ರಶ್ಮಿ. ಈಗ ಸಾಗರದಲ್ಲಿ ಕಾಲೇಜು ಹುಡುಗಿಯರಿಂದ ಹಿಡಿದು ಮದುಮಗಳ ಸೋದರತ್ತೆಯವರೆಗೆ ಎಲ್ಲರಿಗೂ 'ಕೊರಿಯನ್ ಫೇಶಿಯಲ್' ಬೇಕಂತೆ. ಮುಖ ಗಾಜಿನ ಹಾಗೆ ಹೊಳೆಯಬೇಕಂತೆ. ರಶ್ಮಿಯ ಪಾರ್ಲರಿನ ಎದುರಿಗೇ ಇನ್ನೊಂದು ಪಾರ್ಲರ್ ಶುರುವಾಗಿ, ಬೋರ್ಡಿನ ಮೇಲೆ ಕೊರಿಯಾದ ಬಾವುಟವನ್ನೇ ಬರೆಸಿಬಿಟ್ಟಿತು. ಅಲ್ಲಿಗೆ ರಶ್ಮಿಯ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಹುಡುಗಿ ನಿದ್ದೆಗೆಟ್ಟಳು. ಹುಡುಕಿ ಹುಡುಕಿ, ಕೊರಿಯಾದ ಬುಸಾನ್ ಎಂಬ ಊರಿನಲ್ಲಿ ಒಂದು ದಿನದ ಕ್ಲಾಸು ಇದೆಯೆಂದು ಪತ್ತೆ ಹಚ್ಚಿದಳು. ಕ್ಲಾಸು ಮುಗಿಸಿದವರಿಗೆ ಟೀಚರ್ ಸಹಿ ಹಾಕಿದ ಸರ್ಟಿಫಿಕೇಟ್. ಆ ಸರ್ಟಿಫಿಕೇಟಿಗೆ ಪಾರ್ಲರಿನ ಗೋಡೆಯಲ್ಲಿ ಮೊಳೆ ಹೊಡೆದೇ ಅವಳು ವಿಮಾನ ಹತ್ತಿದ್ದು.

ಹೊರಟಿದ್ದು ಪಿತೃಪಕ್ಷದಲ್ಲಿ. ಯಾರಾದರೂ ಪಿತೃಪಕ್ಷದಲ್ಲಿ ಫಾರಿನ್ ಟೂರ್ ಹೋಗುತ್ತಾರಾ? ಪಾರ್ಲರ್‌ನವರು ಹೋಗುತ್ತಾರೆ. ಆ ಹದಿನೈದು ದಿನ ಮದುವೆ ಇಲ್ಲ, ಮುಂಜಿ ಇಲ್ಲ, ಪಾರ್ಲರಿನಲ್ಲಿ ನೊಣವೂ ಇಲ್ಲ. ಅತ್ತಿಗೆಯದು ಒಂದೇ ಷರತ್ತು. "ಮಾಲಯ ಅಮಾಸೆಗೆ ನಾನು ಮನೇಲಿರ್ಬೇಕು. ಹಿರೇರಿಗೆ ಎಡೆ ಇಡ್ಬೇಕು."

ನಾನು ಬಿಡುತ್ತೇನೆಯೇ? ಜೀವಮಾನವೆಲ್ಲ ಶಾಲೆಗೆ ಟೈಮ್‌ಟೇಬಲ್ ಹಾಕಿದ ಕೈ. 'ಕೊರಿಯಾದಲ್ಲಿ ನೋಡಲೇಬೇಕಾದ ಇಪ್ಪತ್ತು ಜಾಗ, ತಿನ್ನಲೇಬೇಕಾದ ಇಪ್ಪತ್ತು ತಿಂಡಿ' ಎಂದು ಪಟ್ಟಿ ಬರೆದು, ಗಂಟೆ-ನಿಮಿಷದ ಸಮೇತ ಮೂರು ಪ್ರತಿ ಜೆರಾಕ್ಸ್ ಮಾಡಿಸಿದೆ. ಅತ್ತಿಗೆ ತಮ್ಮ ಪ್ರತಿಯಲ್ಲಿ ಹಪ್ಪಳ ಸುತ್ತಿಕೊಂಡರು.

ಮೊದಲು ಸಿಯೋಲ್. ಅಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಎಂಬ ದೊಡ್ಡ ಅರಮನೆ ಇದೆ. ಅವರ ಸಾಂಪ್ರದಾಯಿಕ ಉಡುಗೆ ಹಾನ್‌ಬೊಕ್ ಉಟ್ಟು ಹೋದರೆ ಟಿಕೆಟ್ ಇಲ್ಲ, ಪುಕ್ಕಟೆ ಪ್ರವೇಶ. ರಶ್ಮಿ ಬಾಡಿಗೆಗೆ ತಂದು ಉಟ್ಟಳು. ನಾನೂ ಉಟ್ಟೆ. (ಫೋಟೋ ಹಾಕುವುದಿಲ್ಲ. ಕೇಳಬೇಡಿ.) ಅತ್ತಿಗೆ ಮಾತ್ರ ಮೈಸೂರು ಸಿಲ್ಕ್ ಸೀರೆ ಉಟ್ಟು, "ನಂದೂ ಸಂಪ್ರದಾಯದ್ದೇ ಅಲ್ವನೇ? ನಂಗ್ಯಾಕೆ ಟಿಕೀಟು?" ಎಂದು ಗೇಟಿನಲ್ಲಿ ನಿಂತುಬಿಟ್ಟರು. ನ್ಯಾಯವಾದ ಪ್ರಶ್ನೆಯೇ. ಆದರೂ ಟಿಕೆಟ್ ತೆಗೆಸಿದೆವು. ಆಮೇಲೆ ಒಳಗೆ ನೋಡಿದರೆ, ಹಾನ್‌ಬೊಕ್ ಉಟ್ಟ ಕೊರಿಯಾದ ಹುಡುಗಿಯರೆಲ್ಲ ಬಂದು ಅತ್ತಿಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅರಮನೆ ಬಿಟ್ಟು ಜನ ಅತ್ತಿಗೆಯನ್ನು ನೋಡಿದರು.

ಗ್ವಾಂಗ್‌ಜಾಂಗ್ ಮಾರ್ಕೆಟ್ಟಿಗೆ ಹೋಗದೆ ಬರಬೇಡಿ. ಅಲ್ಲಿ ಹೆಸರುಬೇಳೆ ನೆನೆಸಿ, ಬೀಸುವ ಕಲ್ಲಿನಲ್ಲಿ ಬೀಸಿ, ದಪ್ಪಕ್ಕೆ ಹುಯ್ದು, ಎಣ್ಣೆಯಲ್ಲಿ ಗರಿಗರಿ ಕಾಯಿಸಿ ಕೊಡುತ್ತಾರೆ. ಎಷ್ಟೋ ಸಾವಿರ ಮೈಲಿ ಹಾರಿ ಹೋಗಿ ತಿಂದದ್ದು ಹೆಸರುಬೇಳೆ ದೋಸೆ! ಅತ್ತಿಗೆ ಅಂಗಡಿಯವಳ ಬೀಸುಕಲ್ಲನ್ನೇ ನೋಡುತ್ತಾ ಎರಡು ತಿಂದರು. ಪಕ್ಕದ ಗಾಡಿಯಲ್ಲಿ ಬೇಯಿಸಿದ ರೇಷ್ಮೆ ಹುಳು ಮಾರುತ್ತಿದ್ದರು. ರಶ್ಮಿ "ಇಸ್ಸಿ!" ಎಂದು ಮೂಗು ಮುಚ್ಚಿಕೊಂಡಳು. ಅತ್ತಿಗೆ ಮಗಳನ್ನು ಒಮ್ಮೆ ನೋಡಿದರು. "ಸಣ್ಣಕ್ಕಿದ್ದಾಗ ಚಿಗಳಿ ಚಟ್ನಿ ನೆಕ್ಕಿ ನೆಕ್ಕಿ ತಿಂತಿದ್ದೋಳು ಯಾರೇ?" ಕೆಂಪಿರುವೆ ಚಟ್ನಿ ತಿಂದು ಬೆಳೆದ ಬಾಯಿಗೆ ಇನ್ನೊಬ್ಬರ ಹುಳುವನ್ನು ಆಡಿಕೊಳ್ಳುವ ಹಕ್ಕಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. (ಹಕ್ಕಿಲ್ಲ ಎಂದೆ. ತಿಂದೆ ಎನ್ನಲಿಲ್ಲ.)

ಸಿಯೋಲ್ ಆದ ಮೇಲೆ ಜೊಂಜು. ಹಳೆಯ ಹೆಂಚಿನ ಮನೆಗಳ ಬೀದಿಗೆ ಹೆಸರಾದ ಊರು. ಆ ಮನೆಗಳಲ್ಲಿ ನಾವೂ ಉಳಿಯಬಹುದು, ನೆಲದ ಮೇಲೆ ಹಾಸಿಗೆ. ಬಿಬಿಂಬಾಪ್ ಎಂಬ ಊಟಕ್ಕೂ ಇದೇ ಊರು ತವರು. ದೊಡ್ಡ ಬೋಗುಣಿಯಲ್ಲಿ ಅನ್ನ, ಅದರ ಮೇಲೆ ಸುತ್ತಲೂ ಹತ್ತಾರು ಬಗೆಯ ಪಲ್ಯ, ನಡುವೆ ಮೊಟ್ಟೆ, ಬದಿಗೆ ಕೆಂಪು ಮೆಣಸಿನ ಗೊಜ್ಜು. ಎಲ್ಲವನ್ನೂ ಕಲೆಸಿ ತಿನ್ನಬೇಕು. ಅತ್ತಿಗೆ ಬಾಳೆಲೆ ಊಟದ ಶಿಸ್ತಿನವರು. ಒಂದೊಂದೇ ಪಲ್ಯವನ್ನು ಬದಿಯಿಂದ ಎಳೆದು ರುಚಿ ನೋಡುತ್ತಿದ್ದರು. ಹೋಟೆಲಿನ ಹೆಂಗಸಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಓಡಿ ಬಂದವಳೇ ಅತ್ತಿಗೆಯ ಕೈಯಿಂದ ಚಮಚ ಕಿತ್ತುಕೊಂಡು ಗರಗರ ಕಲೆಸಿ ಕೊಟ್ಟಳು! ನಿಮ್ಮ ಎಲೆಗೆ ಇನ್ನೊಬ್ಬರು ಕೈ ಹಾಕಿ ಕಲೆಸಿದರೆ ಹೇಗಾಗಬಹುದು? ಅತ್ತಿಗೆ ಬೋಗುಣಿಯನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ಒಂದು ತುತ್ತು ತಿಂದರು. ಆಮೇಲೆ ಬೋಗುಣಿ ಖಾಲಿ ಮಾಡಿದರು.

ಖಾಲಿ ಮಾಡುವುದೇ ಅಲ್ಲಿ ಅಪಾಯ. ಊಟದ ಜೊತೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ನೆಂಚಿಕೊಳ್ಳಲು ಇಡುತ್ತಾರೆ. ನಮ್ಮಲ್ಲಿ ಬಡಿಸಿದ್ದನ್ನು ಬಿಟ್ಟರೆ ಬಡಿಸಿದವರಿಗೆ ಅವಮಾನ. ಅಲ್ಲಿ ಬಟ್ಟಲು ಖಾಲಿಯಾದರೆ 'ಇನ್ನೂ ಬೇಕು' ಎಂದು ಅರ್ಥ. ಅತ್ತಿಗೆ ಮರ್ಯಾದೆಗೆ ಖಾಲಿ ಮಾಡಿದರು, ಅವಳು ಮರ್ಯಾದೆಗೆ ತುಂಬಿದಳು. ನಾಲ್ಕು ಸಲ ಮೊಳಕೆಕಾಳಿನ ಪಲ್ಯ ತಿಂದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಎದ್ದು ಓಡನಾ?" ಎಂದು ಪಿಸುಗುಟ್ಟಿದರು.

ಆದರೆ ನಿಜವಾದ ಕಥೆ ಶುರುವಾದದ್ದು ಉಳಿದುಕೊಂಡ ಮನೆಯಲ್ಲಿ.

ಮನೆಯೊಡತಿಗೂ ಅರವತ್ತು ದಾಟಿತ್ತು. ಒಬ್ಬಳೇ ಇಡೀ ಮನೆ ನೋಡಿಕೊಳ್ಳುವ ಗಟ್ಟಿಗಿತ್ತಿ. ಅವಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಅತ್ತಿಗೆ ಮಾತ್ರ ಹೊಸ್ತಿಲು ದಾಟುವ ಮೊದಲೇ "ಅಕ್ಕ" ಎಂದುಬಿಟ್ಟರು. ಕಾರಣ, ಹಿತ್ತಲಿನಲ್ಲಿ ಸಾಲಾಗಿ ಇಟ್ಟಿದ್ದ ಕಂದು ಬಣ್ಣದ ಭರಣಿಗಳು. ಕಿಮ್ಚಿಯ ಭರಣಿ, ಸೋಯಾದ ಭರಣಿ, ಮೆಣಸಿನ ಗೊಜ್ಜಿನ ಭರಣಿ. ಉಪ್ಪಿನಕಾಯಿ ಹಾಕುವ ಹೆಂಗಸಿಗೆ ಇನ್ನೊಬ್ಬ ಉಪ್ಪಿನಕಾಯಿ ಹೆಂಗಸನ್ನು ಗುರುತಿಸಲು ಭಾಷೆ ಬೇಕೆ?

ಮೊದಲ ಸಂಜೆ 'ಅಕ್ಕ' ಒಂದು ಡಬ್ಬಿ ತುಂಬಾ ಕಿಮ್ಚಿ ತಂದು ಕೊಟ್ಟಳು. ನಾಲ್ಕೂ ಬದಿಯಲ್ಲಿ ಟಪ್ ಟಪ್ ಎಂದು ಬೀಗ ಬೀಳುವ ನೀಲಿ ಮುಚ್ಚಳದ ಡಬ್ಬಿ. ಅತ್ತಿಗೆ ಒಂದು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. "ಕೋಸು. ಬೆಳ್ಳುಳ್ಳಿ. ಶುಂಠಿ. ಸೀಗಡಿ ಹಾಕಿದಾಳೆ ಕಣೇ! ಘಾಟಿ ಹೆಂಗ್ಸು." ರಶ್ಮಿ ಫೋನಿನಲ್ಲಿ ನೋಡಿದಳು. ಸೀಗಡಿ ಹೌದು.

ಡಬ್ಬಿ ಖಾಲಿಯಾಯಿತು. ಅತ್ತಿಗೆ ತೊಳೆದರು, ಒರೆಸಿದರು. ಆಮೇಲೆ ತಮ್ಮ ಸೂಟ್‌ಕೇಸ್ ತೆಗೆದು ಅದರಲ್ಲಿ ಮಿಡಿ ಉಪ್ಪಿನಕಾಯಿ ತುಂಬತೊಡಗಿದರು.

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆ ಬರಿದಾಗಿ ವಾಪಸ್ ಹೋಗಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಒಂದು ಸೌತೆಕಾಯಿ, ನಾಲ್ಕು ಎಸಳು ಕರಿಬೇವು. ನಾನೂ ಇದನ್ನು ಪಾಲಿಸುತ್ತೇನೆ. ಆದರೆ ಕೊರಿಯಾದಲ್ಲೂ ಪಾಲಿಸಬೇಕೆ?

ಕೊರಿಯಾದಲ್ಲೂ ಇದೇ ಪದ್ಧತಿ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾವ ಟ್ರಾವೆಲ್ ವಿಡಿಯೋದವರೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕ ನಿಂತಿದ್ದಾಳೆ. ಮಿಡಿಯನ್ನು ಅನ್ನದ ಮೇಲಿಟ್ಟು ತಿಂದಳಂತೆ. ಕಣ್ಣಲ್ಲಿ ನೀರು, ಕೈಯಲ್ಲಿ ಥಂಬ್ಸ್ ಅಪ್. ಡಬ್ಬಿಯಲ್ಲಿ ಎಣ್ಣೆ ಸವರಿ ಸುಟ್ಟ ಸಮುದ್ರ ಪಾಚಿಯ ಹಾಳೆಗಳು. ಅತ್ತಿಗೆ ಅದನ್ನು ಹಪ್ಪಳದ ಹಾಗೆ ತಿಂದು, ಡಬ್ಬಿಗೆ ಹಲಸಿನಕಾಯಿ ಚಿಪ್ಸ್ ತುಂಬಿ ಕಳಿಸಿದರು. ಮಧ್ಯಾಹ್ನ ಡಬ್ಬಿ ಮತ್ತೆ ಬಂತು, ಕಾಡಿನ ಯಾವುದೋ ಸೊಪ್ಪಿನ ಪಲ್ಯದ ಜೊತೆ. ಅತ್ತಿಗೆಯ ಸೂಟ್‌ಕೇಸ್ ಬರಿದಾಗಿತ್ತು. ಉಳಿದ ಹಪ್ಪಳ ದಾರಿಯಲ್ಲಿ ಪುಡಿಯಾಗಿತ್ತು. (ಟೈಮ್‌ಟೇಬಲ್ ಮಾತ್ರ ಹಾಗೇ ಇತ್ತು.)

"ಅತ್ತಿಗೆ, ಸಾಕು. ಈಗ ರಾಜರ ಚಿತ್ರ ಇಟ್ಟ ಮಂದಿರಕ್ಕೆ ಹೋಗಬೇಕು, ಆಮೇಲೆ ಗುಡ್ಡದ ಮೇಲಿನ ಮಂಟಪ..."

"ರಾಜ ಎಲ್ಲಿಗೂ ಹೋಗಲ್ಲ ವನಜಾ. ಅಕ್ಕಿ ಮಿಲ್ಲು ಎಲ್ಲದೆ ಕೇಳು."

ಕಡುಬು ಮಾಡಬೇಕಂತೆ! ಕೊರಿಯಾದವರು ಅಕ್ಕಿ ಹಿಟ್ಟಿನ ತಿಂಡಿಗಳಲ್ಲಿ ಪ್ರವೀಣರು, ಮಿಲ್ಲು ಬೇಗ ಸಿಕ್ಕಿತು. ಆದರೆ ಅಲ್ಲಿದ್ದದ್ದು ನುಣ್ಣನೆಯ ಹಿಟ್ಟು. ಕಡುಬಿಗೆ ತರಿ ಬೇಕು. ತರಿಗೆ ಕೊರಿಯನ್‌ನಲ್ಲಿ ಏನೆನ್ನುತ್ತಾರೆ? ನಮ್ಮ ಭಾಷಾಂತರಕಾರ್ತಿ ರಶ್ಮಿ ಕೊರಿಯನ್ ಕಲಿತದ್ದು ಸೀರಿಯಲ್ ನೋಡಿ. "ನನ್ನನ್ನು ಬಿಟ್ಟು ಹೋಗಬೇಡ", "ನೀನು ಹೀಗೆ ಮಾಡುತ್ತೀಯೆಂದು ಅಂದುಕೊಂಡಿರಲಿಲ್ಲ", "ನಿಜ ಹೇಳು, ಅವಳು ಯಾರು?" ಇಂಥವೆಲ್ಲ ನೀರು ಕುಡಿದಷ್ಟು ಸಲೀಸು. ತರಿ ಅವಳ ಯಾವ ಸೀರಿಯಲ್‌ನಲ್ಲೂ ಬಂದಿರಲಿಲ್ಲ. ಫೋನು ಕೂಡ ಕೈಚೆಲ್ಲಿತು. ಅತ್ತಿಗೆ ಸೀದಾ ಮಿಲ್ಲಿನ ಹೊರಗಿದ್ದ ಹೂಕುಂಡದಿಂದ ಒಂದು ಚಿಟಿಕೆ ಮರಳು ತೆಗೆದು, ಮಿಲ್ಲಿನವನ ಅಂಗೈಗೆ ಹಾಕಿ, ತಮ್ಮ ಹೆಬ್ಬೆರಳಿನಿಂದ ಉಜ್ಜಿ ತೋರಿಸಿದರು. ಅವನು ಹಾ ಎಂದು ತಲೆಯಾಡಿಸಿ, ಮಿಲ್ಲಿನ ಕಲ್ಲು ಸಡಿಲಿಸಿ, ನಮ್ಮೂರ ಮಿಲ್ಲಿನವನಿಗಿಂತ ಚೆನ್ನಾಗಿ ತರಿ ಒಡೆದು ಕೊಟ್ಟ!

ಆ ಸಂಜೆ ಅಕ್ಕನ ಅಡುಗೆಮನೆಯಲ್ಲಿ, ಅಕ್ಕನದೇ ಪಾತ್ರೆಯಲ್ಲಿ, ಹಬೆಯಲ್ಲಿ ಬೆಂದ ಮೇಗರವಳ್ಳಿಯ ಕಡುಬು. ಜೊತೆಗೆ ಕಿಮ್ಚಿ. ಈ ಜೋಡಿಯನ್ನು ಒಮ್ಮೆ ತಿಂದು ನೋಡಿ, ಕೋಳಿಸಾರನ್ನು ಮರೆಯದಿದ್ದರೆ ಕೇಳಿ. ಇಬ್ಬರು ಹೆಂಗಸರೂ ಗಂಟೆಗಟ್ಟಲೆ ಮಾತಾಡಿದರು. ಅವಳು ಕೊರಿಯನ್, ಇವರು ಕನ್ನಡ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯದಿದ್ದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮೂಲೆಯಲ್ಲಿ ಕೂತು ನನ್ನ ಪಟ್ಟಿಯಲ್ಲಿ ರಾಜನ ಮಂದಿರಕ್ಕೂ ಗುಡ್ಡದ ಮಂಟಪಕ್ಕೂ ಅಡ್ಡಗೆರೆ ಎಳೆದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮನಸ್ಸಿನಲ್ಲೇ ಅಂದುಕೊಂಡೆ: ಇರಲಿ, ಡಬ್ಬಿ ತುಂಬಾ ಕಡುಬು ಕೊಟ್ಟಾಯಿತು, ಡಬ್ಬಿ ಅವಳ ಹತ್ತಿರವೇ ಇದೆ. ಮುಗಿಯಿತು.

ಮುಗಿಯುತ್ತದೆಯೇ?

ಬೆಳಿಗ್ಗೆ ಬುಸಾನಿಗೆ ಹೊರಡಬೇಕು. ಎಂಟರ ಬಸ್ಸು. ಹನ್ನೆರಡೂವರೆಗೆ ರಶ್ಮಿಯ ಕ್ಲಾಸು. ಯಾವುದಕ್ಕಾಗಿ ಇಷ್ಟು ದೂರ ಬಂದಿದ್ದೆವೋ ಆ ಕ್ಲಾಸು. ಸೂಟ್‌ಕೇಸುಗಳನ್ನು ಟ್ಯಾಕ್ಸಿಗೆ ಹಾಕುವಷ್ಟರಲ್ಲಿ ಗೇಟಿನ ಬಳಿ ಅಕ್ಕ ಪ್ರತ್ಯಕ್ಷಳಾದಳು. ಕೈಯಲ್ಲಿ ಡಬ್ಬಿ. ಡಬ್ಬಿ ತುಂಬಾ ಬೇಯಿಸಿದ ಬಾದಾಮಿ ಬಣ್ಣದ ದಪ್ಪ ಬೀಜಗಳು. ದಾರಿಗೆ ಬುತ್ತಿ.

ಅತ್ತಿಗೆ ಬೀಜಗಳನ್ನು ಕವರಿಗೆ ಸುರಿದುಕೊಂಡು, ನಾನು ಮೊದಲೇ ಹೇಳಿದಂತೆ, ನಲ್ಲಿಯ ಬಳಿ ಕೂತು ಡಬ್ಬಿ ತೊಳೆಯತೊಡಗಿದರು. ತೊಳೆದು ನನ್ನ ಚೀಲ ಜಾಲಾಡಿದರು. ಬಿಪಿ ಮಾತ್ರೆ ಸಿಕ್ಕಿತು. ಕೊನೆಗೆ ತಮ್ಮ ವ್ಯಾನಿಟಿ ಬ್ಯಾಗಿನ ತಳದಿಂದ ಒಂದು ಹಸಿರು ರವಿಕೆ ಕಣ, ಒಂದು ಡಜನ್ ಗಾಜಿನ ಬಳೆ ಹೊರತೆಗೆದರು. (ಮಲೆನಾಡಿನ ಗೃಹಿಣಿಯ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇಲ್ಲದಿರಬಹುದು, ರವಿಕೆ ಕಣ ಇದ್ದೇ ಇರುತ್ತದೆ.) ಅವನ್ನು ಡಬ್ಬಿಯಲ್ಲಿಟ್ಟು, ಟಪ್ ಟಪ್ ಎಂದು ಮುಚ್ಚಿ ಅಕ್ಕನ ಕೈಗೆ ಕೊಟ್ಟರು.

ಅಲ್ಲಿಗೆ ಓಡಿ ಬಂದು ಟ್ಯಾಕ್ಸಿ ಹತ್ತಬೇಕಿತ್ತು. ಆದರೆ ಅಕ್ಕ ಡಬ್ಬಿ ತೆರೆದಳು. ಬಳೆ ನೋಡಿದಳು. ಒಂದನ್ನು ಕೈಗೆ ಹಾಕಿಕೊಳ್ಳಲು ಹೋದಳು. ಹೋಗಲಿಲ್ಲ.

"ತಡೀ ಅಕ್ಕ, ಹಂಗಲ್ಲ" ಎಂದರು ಅತ್ತಿಗೆ. ಸೋಪು ತಂದರು. ನೊರೆ ಮಾಡಿ, ಅಕ್ಕನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಗೆಣ್ಣು ಒತ್ತಿ ಒತ್ತಿ ಒಂದೊಂದೇ ಬಳೆ ಏರಿಸತೊಡಗಿದರು. ಆ ಕೈಗೆ ಆರು, ಈ ಕೈಗೆ ಆರು. ಟ್ಯಾಕ್ಸಿಯವನು ಇಳಿದು ಬಂದು ನಿಂತ. ನಾನು ಕೂಗಿದೆ. ರಶ್ಮಿ "ನನ್ನನ್ನು ಬಿಟ್ಟು ಹೋಗಬೇಡ" ಎಂದು ಟ್ಯಾಕ್ಸಿಯವನಿಗೆ ಕೊರಿಯನ್‌ನಲ್ಲಿ ಅಂಗಲಾಚಿದಳು. ಅವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಹನ್ನೆರಡೂ ಬಳೆ ಏರಿದವು. ಅಕ್ಕ ಕೈ ಎತ್ತಿ ಘಲ್ಲೆನ್ನಿಸಿ, ಡಬ್ಬಿ ಹಿಡಿದು ಒಳಗೆ ಓಡಿದಳು. ಅತ್ತಿಗೆಯನ್ನು ನಾನೂ ರಶ್ಮಿಯೂ ಎಳೆದು ಟ್ಯಾಕ್ಸಿಗೆ ಹಾಕಿ ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಅವಳು ವಾಪಸ್! ಡಬ್ಬಿಯಲ್ಲಿ, ಆಗತಾನೆ ಮುಗಿದ ಹಬ್ಬಕ್ಕೆ ಮಾಡಿ ಫ್ರೀಜರಿನಲ್ಲಿಟ್ಟಿದ್ದ, ಬೆಳಿಗ್ಗೆ ತನ್ನ ತಿಂಡಿಗೆಂದು ಹಬೆಯಲ್ಲಿಟ್ಟಿದ್ದ ಸಿಹಿ ಕಡುಬುಗಳು. ಅರ್ಧಚಂದ್ರದಂಥವು, ಒಳಗೆ ಎಳ್ಳಿನ ಹೂರಣ. ಅವರ ಹಿರಿಯರ ಹಬ್ಬದ ಎಡೆಯ ತಿಂಡಿಯಂತೆ. ಕಿಟಕಿಯಿಂದ ಡಬ್ಬಿಯನ್ನು ಅತ್ತಿಗೆಯ ಮಡಿಲಿಗೆ ಎಸೆದವಳೇ ಟ್ಯಾಕ್ಸಿಯ ಬೆನ್ನಿಗೆ ಎರಡೇಟು ಹೊಡೆದು ಹೊರಡಿಸಿದಳು.

ಗೆದ್ದವಳು ಅವಳು. ತುಂಬಿದ ಡಬ್ಬಿ ನಮ್ಮ ಹತ್ತಿರ ಉಳಿಯಿತು.

ಬಸ್ ಸ್ಟ್ಯಾಂಡಿಗೆ ಹೋದಾಗ ಎಂಟು ಗಂಟೆ ನಾಲ್ಕು ನಿಮಿಷ. ಬಸ್ಸಿನ ಹಿಂಭಾಗ ಕಂಡಿತು. ಮುಂದಿನದು ಒಂದೂಮುಕ್ಕಾಲು ಗಂಟೆಯ ನಂತರ.

ರಶ್ಮಿ ಸೂಟ್‌ಕೇಸಿನ ಮೇಲೆ ಕೂತು ಅತ್ತಳು. ಸಣ್ಣಗಲ್ಲ, ಜೋರಾಗಿ. "ಅಮ್ಮಾ, ನಿಂಗೆ ನಾನು ಹೆಚ್ಚಾ, ಆ ಡಬ್ಬಿ ಹೆಚ್ಚಾ? ಸರ್ಟಿಫಿಕೇಟ್ ಇಲ್ದೆ ನಾನು ಯಾವ ಮುಖ ಇಟ್ಕಂಡು ಅಂಗಡಿ ಬಾಗ್ಲು ತೆಗೀಲಿ?"

ನಾನಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಅದಕ್ಕೇ ನಿಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗಬಾರ್ದು ಅತ್ತಿಗೆ" ಎಂದುಬಿಟ್ಟೆ. ಅವರು ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡು ಆ ಕಡೆ ತಿರುಗಿದರು. ಬಸ್ಸಿನಲ್ಲಿ ಮೂರು ಗಂಟೆ ಆ ಕಡೆಯೇ ತಿರುಗಿದ್ದರು. ಅಣ್ಣನ ಮನೆಗೆ ಹೋದಾಗಲೆಲ್ಲ ನನ್ನ ಕೈಚೀಲವನ್ನು ಬರಿದಾಗಿ ವಾಪಸ್ ಕಳಿಸದ ಹೆಂಗಸಿಗೆ ನಾನು ಆ ಮಾತು ಆಡಿದ್ದೆ. ನನಗೆ ನಾಚಿಕೆಯಾಯಿತು.

ಬುಸಾನ್ ಸಮುದ್ರದ ಊರು. ಹೊಸ ಮೀನಿನ ದೊಡ್ಡ ಮಾರ್ಕೆಟ್ ಇದೆ. ಗುಡ್ಡದ ಮೇಲೆ ಬಣ್ಣಬಣ್ಣದ ಮನೆಗಳ ಬೀದಿ ಇದೆ. ಹೇಉಂಡೇ ಎಂಬ ಚಂದದ ಬೀಚ್ ಇದೆ. ಇವೆಲ್ಲ ಇವೆ ಎಂದು ನನ್ನ ಜೆರಾಕ್ಸ್‌ನಲ್ಲಿ ಇತ್ತು. ನಾನು ನೋಡಿದ್ದು ನಾಲ್ಕನೇ ಮಹಡಿಯ ಕಾರಿಡಾರಿನ ಕಿಟಕಿಯಿಂದ, ಎರಡು ಬಿಲ್ಡಿಂಗುಗಳ ನಡುವೆ, ಒಂದು ಗೇಣು ಸಮುದ್ರ.

ನಲವತ್ತು ನಿಮಿಷ ತಡವಾಗಿ ಹೋದೆವು. ಟೀಚರಮ್ಮನ ವಯಸ್ಸು ಇಪ್ಪತ್ತೈದೂ ಇರಬಹುದು, ಐವತ್ತೂ ಇರಬಹುದು. ಅವಳ ಮುಖ ನೋಡಿ ಹೇಳುವ ಹಾಗಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು? ಇಂಗ್ಲಿಷಿನಲ್ಲಿ ನಯವಾಗಿ ಹೇಳಿದಳು. ಬನ್ನಿ, ಕೂತು ನೋಡಿ. ಆದರೆ ಮೊದಲ ಪಾಠ ತಪ್ಪಿಸಿಕೊಂಡವರಿಗೆ ಸರ್ಟಿಫಿಕೇಟ್ ಕೊಡುವಂತಿಲ್ಲ. ನಿಯಮ.

ರಶ್ಮಿ ಒಳಗೆ ಹೋದಳು. ನಾವಿಬ್ಬರು ಹೊರಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆಂಚಿನಲ್ಲಿ ಕೂತೆವು.

"ಎಂತಂದ್ಲು?" ಬಸ್ ಸ್ಟ್ಯಾಂಡು ಬಿಟ್ಟ ಮೇಲೆ ಅತ್ತಿಗೆ ಆಡಿದ ಮೊದಲ ಮಾತು.

"ಕ್ಲಾಸಿಗೆ ಬಿಟ್ಟಿದಾಳೆ. ಸರ್ಟಿಫಿಕೇಟ್ ಕೊಡಲ್ಲ ಅಂದ್ಲು."

ಅತ್ತಿಗೆ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿದರು. ಕ್ಲಾಸಿನ ನಡುವೆ ಬ್ರೇಕ್ ಆಯಿತು. ನಾನು 'ಬೇಡ' ಎನ್ನುವಷ್ಟರಲ್ಲಿ ಅತ್ತಿಗೆ ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದರು. ಟೀಚರಮ್ಮನ ಮುಂದೆ ಡಬ್ಬಿ ಇಟ್ಟು, ಟಪ್ ಟಪ್ ಎಂದು ತೆರೆದು, ಕನ್ನಡದಲ್ಲಿ ಹೇಳಿದರು. "ತಪ್ಪು ನಂದು ತಾಯಿ. ಮಗಳದ್ದಲ್ಲ. ತಗೋ, ತಿನ್ನು."

ರಶ್ಮಿ ನಾಚಿಕೆಯಿಂದ ಮೇಜಿನ ಕೆಳಗೆ ಇಳಿಯುವಂತಾದಳು. ಟೀಚರಮ್ಮ ಡಬ್ಬಿ ನೋಡಿದಳು. ಅತ್ತಿಗೆಯ ಸೀರೆ ನೋಡಿದಳು. ತಮ್ಮ ಹಬ್ಬದ ತಿಂಡಿ ಈ ಹೆಂಗಸಿನ ಕೈಗೆ ಹೇಗೆ ಬಂತು ಎಂದು ರಶ್ಮಿಯನ್ನು ಕೇಳಿದಳು. ರಶ್ಮಿ ಬಿಕ್ಕುತ್ತಾ ಇಡೀ ಕಥೆ ಹೇಳಿದಳು. ಕಿಮ್ಚಿ, ಮಿಡಿ, ಕಡುಬು, ಬಳೆ, ಬಸ್ಸು. ಬೆಳಗಿನಿಂದ ಊಟ ಮಾಡದ ಟೀಚರಮ್ಮ ಕಥೆ ಕೇಳುತ್ತಾ ನಿಂತಲ್ಲೇ ಆರು ಕಡುಬು ತಿಂದಳು. ಉಳಿದವನ್ನು ಬೇರೆ ವಿದ್ಯಾರ್ಥಿನಿಯರಿಗೆ ಹಂಚಿದಳು. ಕೈ ಒರೆಸಿಕೊಂಡು ಕ್ಲಾಸು ಮುಂದುವರಿಸಿದಳು.

ಸಂಜೆ ಎಲ್ಲರೂ ಸರ್ಟಿಫಿಕೇಟ್ ಹಿಡಿದು ಹೊರಟರು. ರಶ್ಮಿ ಬರಿಗೈಯಲ್ಲಿ ಬ್ಯಾಗು ಎತ್ತಿಕೊಂಡಳು. ಟೀಚರಮ್ಮ ಬಾಗಿಲಿಗೆ ಅಡ್ಡ ನಿಂತು, ಕೂತುಕೋ ಎಂದಳು. ತಪ್ಪಿಹೋದ ಮೊದಲ ಪಾಠವನ್ನು ಅವಳೊಬ್ಬಳಿಗೇ ಮೊದಲಿಂದ ಶುರು ಮಾಡಿದಳು. ಆದರೆ ಅಭ್ಯಾಸಕ್ಕೆ ಒಂದು ಮುಖ ಬೇಕಲ್ಲ? ಎಲ್ಲ ಮುಖಗಳೂ ಮನೆಗೆ ಹೋಗಿದ್ದವು.

ನನ್ನ ಮುಖವನ್ನು ಅವಳು ಒಮ್ಮೆ ನೋಡಿ ಬಿಟ್ಟುಬಿಟ್ಟಳು. (ಯಾಕೆಂದು ನಾನು ಕೇಳಲಿಲ್ಲ.) ಅತ್ತಿಗೆಯನ್ನು ಮಲಗಿಸಿದರು. ಜೀವನದಲ್ಲಿ ಅರಿಶಿನ, ಕಡಲೆಹಿಟ್ಟು ಬಿಟ್ಟು ಬೇರೇನೂ ಹಚ್ಚದ ಮುಖಕ್ಕೆ ಹತ್ತು ಬಗೆಯ ಕ್ರೀಮು, ನೀರು, ಹಾಳೆ. ತಾಯಿಯ ಮುಖವನ್ನು ಮಗಳು ಇಷ್ಟು ಹೊತ್ತು, ಇಷ್ಟು ಮೆತ್ತಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಬೆಳಗಿನ ಸಿಟ್ಟು ಯಾವ ಕ್ರೀಮಿನಲ್ಲಿ ಹೋಯಿತೋ ಗೊತ್ತಿಲ್ಲ. "ಅಳು ಮುಗೀತನೇ?" ಎಂದು ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಮಾತಾಡ್ಬೇಡಮ್ಮ, ಸುಕ್ಕು ಬೀಳ್ತದೆ" ಎಂದಳು ಮಗಳು.

ಎದ್ದಾಗ ಅತ್ತಿಗೆಯ ಮುಖ ಆಗತಾನೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೆಂಬಿನ ಹಾಗೆ ಹೊಳೆಯುತ್ತಿತ್ತು. (ಅಮಾವಾಸ್ಯೆಯ ದಿನ ಎಡೆ ಇಡಲು ಕೂತಾಗಲೂ ಹೊಳೆಯುತ್ತಿತ್ತು. ಹಿರಿಯರಿಗೆ ಗುರುತು ಸಿಕ್ಕಿತೋ ಇಲ್ಲವೋ.)

ಹೊರಡುವಾಗ ಟೀಚರಮ್ಮ ಡಬ್ಬಿಯನ್ನು ತೊಳೆದು ಒರೆಸಿ ಅತ್ತಿಗೆಯ ಕೈಗಿಟ್ಟಳು. ತಲೆ ಬಾಗಿಸಿ ಏನೋ ಕ್ಷಮೆ ಕೇಳಿದಳು. ಇಲ್ಲಿ ತಿನ್ನುವುದು ಏನೂ ಇಲ್ಲ, ಎಂದಳಂತೆ. ಡಬ್ಬಿ ಹಗುರವಾಗಿತ್ತು. ಅತ್ತಿಗೆಯ ಮುಖ ಬಾಡಿತು. ಲಿಫ್ಟಿನಲ್ಲಿ ನನ್ನ ಕಿವಿಯಲ್ಲಿ, "ಪಾಪ, ಒಳ್ಳೇ ಹುಡುಗಿ. ಆದ್ರೆ ಖಾಲಿ ಡಬ್ಬಿ ಕೊಟ್ಲಲ್ಲೇ" ಎಂದರು.

ಕೆಳಗೆ ಬಂದು ರಶ್ಮಿ ಮುಚ್ಚಳ ತೆರೆದಳು. ಒಳಗೆ ಸುರುಳಿ ಸುತ್ತಿ ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಇತ್ತು.

ಇನ್ನು ನನ್ನ ಪಟ್ಟಿ. ಇಪ್ಪತ್ತು ಜಾಗದಲ್ಲಿ ನೋಡಿದ್ದು ಆರು. ಮೀನಿನ ಮಾರ್ಕೆಟ್ ನೋಡಲಿಲ್ಲ, ಬಣ್ಣದ ಮನೆ ನೋಡಲಿಲ್ಲ, ರಾಜನ ಮುಖ ನೋಡಲಿಲ್ಲ. ತಿಂದದ್ದರಲ್ಲಿ ಅರ್ಧ ಪಟ್ಟಿಯಲ್ಲೇ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಆಡಿದ ಮಾತಿಗೆ ವಿಮಾನದಲ್ಲಿ ಅತ್ತಿಗೆಯ ಕ್ಷಮೆ ಕೇಳಿದೆ. "ಬಿಡೇ, ನೀ ಟೀಚರು. ಬೈಯೋದು ನಿನ್ನ ಕೆಲ್ಸ" ಎಂದು ತಮ್ಮ ತಲೆದಿಂಬನ್ನು ನನಗೆ ಕೊಟ್ಟು ನಿದ್ದೆ ಹೋದರು.

ಆದರೆ ಈಗ ಹೊಸ ಸಮಸ್ಯೆ ಶುರುವಾಗಿದೆ. ಡಬ್ಬಿ ಜೊಂಜುವಿನ ಅಕ್ಕನದು, ಇರುವುದು ಮೇಗರವಳ್ಳಿಯ ಅಡುಗೆಮನೆಯಲ್ಲಿ. ಪರರ ಮನೆಯ ಪಾತ್ರೆ ಕಣ್ಣಿಗೆ ಬಿದ್ದಾಗಲೆಲ್ಲ ಅತ್ತಿಗೆಗೆ ಊಟ ಸೇರುವುದಿಲ್ಲವಂತೆ. ಕೊರಿಯರ್‌ನಲ್ಲಿ ಕಳಿಸೋಣ ಎಂದೆ. "ಛೆ, ಡಬ್ಬಿನ ಯಾರಾದ್ರೂ ಪೋಸ್ಟಲ್ಲಿ ಕಳಿಸ್ತಾರಾ? ಕೈಯಲ್ಲಿ ಕೊಡ್ಬೇಕು" ಎಂದರು. ಈ ವರ್ಷದ ಮಿಡಿ ಆಗಲೇ ಡಬ್ಬಿಗೆ ಬಿದ್ದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾರದೇ ಮಾತಿನಲ್ಲಿ ಕೊರಿಯಾ ಎಂಬ ಹೆಸರು ಬಂದರೂ ಅತ್ತಿಗೆಯ ಫೋನು ಬರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ, ಕೊರಿಯಾದಲ್ಲಿ ಏನು ನೋಡಬೇಕು, ಏನು ತಿನ್ನಬೇಕು ಎಂದು ನನ್ನನ್ನು ವಿಚಾರಿಸಿದವರೆಲ್ಲ ನಿಜ ಹೇಳಿ, ನಿಮ್ಮಲ್ಲಿ ಯಾರ ಸೂಟ್‌ಕೇಸಿನಲ್ಲಿ ಒಂದು ಡಬ್ಬಿಯಷ್ಟು ಜಾಗ ಇದೆ?